ಟೀಪಾಯಿ ಮೇಲಿನ ಬೌಲಿನಿಂದ ಮೀನನ್ನು ಪಾರು ಮಾಡುವ ಬಗೆ

ನಮ್ಮ ಮನೆ ಗೃಹಪ್ರವೇಶಕ್ಕೆ ಮೂರು ಗೋಡೆ ಗಡಿಯಾರ, ಎರಡು ಡಿನ್ನರ್ ಸೆಟ್, ಒಂದು ಗಾಜಿನ ಬೌಲ್ ಉಡುಗೊರೆ ಬಂದವು. ಬೌಲಿನೊಳಗೆ ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಎರಡು ಗೋಲ್ಡ್ ಫಿಶ್. ಟಿ.ವಿ. ಪಕ್ಕ ಇಟ್ಟೆವು. ಬಂದವರೆಲ್ಲ ಹಾಲ್‌ಗೆ ಕಳೆ ಬಂತು ಅಂದರು. ಹನ್ನೊಂದನೇ ದಿನ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಇನ್ನೊಂದು ಅದರ ಹಿಂದೆಯೇ ಹೋಯಿತು. ಅತ್ತೆ ಸಮಾಧಾನ ಹೇಳಿದರು: "ಹೋಗ್ಲಿ ಬಿಡು, ಮನೆಗೆ ಬರೋ ಕಂಟಕ ಮೀನು ತಗೊಂಡು ಹೋಯ್ತು."

ಶಿವಮೊಗ್ಗದಲ್ಲಿ ಮೀನು ಸಾಕಿದ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಕೇಳೋಕೆ ಹಿತವಾಗಿದೆ. ನಮ್ಮ ತಪ್ಪೇನೂ ಇಲ್ಲ, ಮೀನೇ ನಮಗಾಗಿ ಪ್ರಾಣ ಕೊಟ್ಟಿತು ಅಂದ ಹಾಗಾಯಿತು. ಆದ್ದರಿಂದಲೇ ಮರುದಿನ ಹೋಗಿ ಇನ್ನೊಂದು ಜೋಡಿ ತಂದೆವು. ಆ ವರ್ಷ ನಮ್ಮ ಮನೆಗೆ ಒಟ್ಟು ನಾಲ್ಕು ಜೋಡಿ ಕಂಟಕ ಬಂದಿತ್ತು ಅಂತ ಕಾಣುತ್ತದೆ.

ಕೊನೆಯ ಜೋಡಿಯಲ್ಲಿ ಒಂದು ಮೀನನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಹತ್ತಿರದಿಂದ ನೋಡಿದೆ. ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗುಳುಗುಳು ಗಾಳಿ ಎಳೆಯುತ್ತಿತ್ತು. ಬಾಲದ ತುದಿಯಲ್ಲಿ ದಾರದಂತೆ ಕೆಂಪು ಗೆರೆ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿತ್ತು, ಚಳಿಗೆ ಕೈ ಕಟ್ಟಿಕೊಂಡು ಕೂತವರ ಹಾಗೆ. ಮೂಗು ಹತ್ತಿರ ತಂದರೆ ನೀರಿನಿಂದ ಹಳೇ ಕೊಟ್ಟಿಗೆಯ ವಾಸನೆ. ಆಮೇಲೆ ಓದಿ, ಕೇಳಿ, ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಶೋಕೇಸಿನಲ್ಲೂ ಈಗ ಒಂದು ಬೌಲ್ ಇದ್ದರೆ ಇದು ನಿಮಗೇ.

ಸಾಯಿಸುವುದು ಏನು?

ಮೀನು ತಿಂದದ್ದರ ಕಸ ಬಹುಪಾಲು ಅಮೋನಿಯಾ ಆಗಿ ಕಿವಿರಿನಿಂದಲೇ ನೀರಿಗೆ ಸೇರುತ್ತದೆ. ಹೊಳೆಯಲ್ಲಾದರೆ ಹರಿದು ಹೋಯಿತು. ನಾಲ್ಕು ಲೀಟರಿನ ಬೌಲಿನಲ್ಲಿ ಅದು ಹೋಗುವುದು ಎಲ್ಲಿಗೆ? ಅಲ್ಲೇ ಉಳಿದು ಕಿವಿರನ್ನೇ ಸುಡುತ್ತದೆ. ಉಳಿದ ಕಾಳು, ಹಿಕ್ಕೆ ಕೊಳೆತು ಇನ್ನಷ್ಟು ಸೇರುತ್ತದೆ. ಬೌಲಿನ ಬಾಯಿ ಕಿರಿದು, ಹಾಗಾಗಿ ಗಾಳಿ ನೀರಿಗೆ ಬೆರೆಯುವ ಜಾಗವೂ ಕಮ್ಮಿ. ಬಾಗಿಲು ಹಾಕಿದ ಕಕ್ಕಸಿನಲ್ಲೇ ಉಂಡು, ಅಲ್ಲೇ ಮಲಗಿದರೆ ಹೇಗೋ ಹಾಗೆ.

ಸರಿ, ವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ, ಕಲ್ಲು ತಿಕ್ಕಿ ತೊಳೆದು, ನಲ್ಲಿ ನೀರು ತುಂಬಿಸುತ್ತೇವಲ್ಲ? ಅಂಗಡಿಯವರು ನನಗೆ ಹೇಳಿದ್ದೂ ಅದೇ. ಅದು ಎರಡನೇ ಪೆಟ್ಟು. ನಲ್ಲಿ ನೀರಿನ ಕ್ಲೋರಿನ್ ಒಂದು ಕಡೆ, ಒಮ್ಮೆಲೇ ಬದಲಾದ ನೀರಿನ ಬಿಸಿ ಮತ್ತು ಗುಣ ಇನ್ನೊಂದು ಕಡೆ. ಆರು ದಿನ ವಿಷ, ಏಳನೇ ದಿನ ಶಾಕ್.

"ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ" ಅನ್ನುವುದನ್ನೂ ಕೇಳಿರುತ್ತೀರಿ. ಮೀನು ಬೆಳೆಯದೇ ಇರುವುದು ಕೊಳಕು ನೀರಿನಲ್ಲಿ ಸೊರಗಿದ್ದಕ್ಕೆ. ಸರಿಯಾಗಿ ಸಾಕಿದರೆ ಗೋಲ್ಡ್ ಫಿಶ್ 10ರಿಂದ 15 ವರ್ಷ ಬದುಕುತ್ತದೆ. ನಮ್ಮ ಮನೆಯಲ್ಲಿ ಹನ್ನೊಂದು ದಿನ ಬದುಕಿತ್ತು.

ಮೊದಲ ಕೆಲಸ: ಇವತ್ತು ಸಂಜೆಯೇ

ಟ್ಯಾಂಕ್ ತರೋಕೆ ಸಂಬಳ ಬರಲಿ ಅಂತ ಕಾಯಬೇಡಿ. ಮನೆಯಲ್ಲಿ 40-50 ಲೀಟರಿನ ಪ್ಲಾಸ್ಟಿಕ್ ಟಬ್ ಇದೆಯಾ? ಸೋಪಿನ ಸೋಂಕಿಲ್ಲದ್ದು ಬೇಕು, ಬಟ್ಟೆ ನೆನೆಸುವ ಟಬ್ ಬೇಡವೇ ಬೇಡ. ಸೋಪಿನ ಅಂಶ ಪ್ಲಾಸ್ಟಿಕ್ಕಿಗೆ ಹಿಡಿದು ಕೂತಿರುತ್ತದೆ. ಹೊಸ ಟಬ್ಬನ್ನು ಬರೀ ನೀರಿನಲ್ಲಿ ತೊಳೆದು, ಕ್ಲೋರಿನ್ ಹೋದ ನೀರು ತುಂಬಿಸಿ. ಇವತ್ತು ಮೀನಿಗೆ ಊಟ ಹಾಕಬೇಡಿ. ಒಂದೆರಡು ದಿನ ಉಪವಾಸದಿಂದ ಮೀನು ಸಾಯುವುದಿಲ್ಲ.

ಮೀನನ್ನು ಸೀದಾ ಎತ್ತಿ ಹೊಸ ನೀರಿಗೆ ಎಸೆಯಬೇಡಿ. ಅದರ ಬೌಲಿನ ನೀರಿನ ಸಮೇತ ಒಂದು ಚಿಕ್ಕ ಬಕೆಟ್ಟಿಗೆ ಬಿಡಿ. ಹತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಹೊಸ ನೀರು ಹಾಕುತ್ತಾ ಹೋಗಿ. ಒಂದು ಗಂಟೆ ಹಿಡಿಯುತ್ತದೆ. ನಾನು ಸಂಜೆ ಧಾರಾವಾಹಿ ಹಾಕಿಕೊಂಡು ಜಾಹೀರಾತು ಬಂದಾಗಲೆಲ್ಲ ಒಂದು ಲೋಟ ಸುರಿಯುತ್ತಿದ್ದೆ. ಆಮೇಲೆ ಮೀನನ್ನು ಮಾತ್ರ ಕೈಯಲ್ಲಿ ಅಥವಾ ಬಲೆಯಲ್ಲಿ ಎತ್ತಿ ಟಬ್ಬಿಗೆ ಬಿಡಿ. ಹಳೇ ನೀರು ಗಿಡಕ್ಕೆ.

ಒಂದು ಎಚ್ಚರಿಕೆ, ಇದು ನಮ್ಮ ಕಡೆಯವರಿಗೇ ವಿಶೇಷವಾಗಿ. ಚಳಿ ಅಂತ ಬಚ್ಚಲ ಒಲೆ ಮೇಲಿನ ತಾಮ್ರದ ಹಂಡೆಯಿಂದ ಬೆಚ್ಚಗಿನ ನೀರು ತಂದು ಬೆರೆಸಬೇಡಿ. ಮನುಷ್ಯರಿಗೆ ಒಳ್ಳೆಯದು ಅಂತ ಚೊಂಬಿನಲ್ಲಿಟ್ಟು ಕುಡಿಯುವ ತಾಮ್ರದ ನೀರು ಮೀನಿಗೆ ವಿಷ. ಹಿತ್ತಾಳೆ ಕೊಡವೂ ಬೇಡ. ನೀರು ಶುದ್ಧ ಆಗಲಿ ಅಂತ ಟ್ಯಾಂಕಿಗೆ ತಾಮ್ರದ ನಾಣ್ಯ ಹಾಕಿದವರನ್ನೂ ನೋಡಿದ್ದೇನೆ. ದಯವಿಟ್ಟು ತೆಗೆಯಿರಿ.

ಟಬ್ಬಿನ ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಬೆಕ್ಕಿನ ಕಾಟಕ್ಕೂ ಆಯಿತು, ಮೀನು ಹಾರುವುದಕ್ಕೂ ಆಯಿತು. ನೋಡೋಕೆ ಚೆಂದ ಇರುವುದಿಲ್ಲ, ನೆಂಟರು ಬಂದರೆ ಮುಜುಗರ. ಇರಲಿ. ನಮ್ಮ ಮೀನು ಎರಡು ತಿಂಗಳು ಹಸಿರು ಟಬ್ಬಿನಲ್ಲೇ ಇತ್ತು. ಬೌಲಿನಲ್ಲಿ ಒಂದೇ ಕಡೆ ನಿಂತಿರುತ್ತಿದ್ದದ್ದು ಮೂರನೇ ದಿನಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಈಜಾಡತೊಡಗಿತು. ಅದು ಈಜುತ್ತದೆ ಅನ್ನುವುದೇ ನಮಗೆ ಮರೆತುಹೋಗಿತ್ತು.

ಯಾವ ಮೀನು, ಎಷ್ಟು ಜಾಗ

ನಿಮ್ಮಲ್ಲಿರುವುದು ಬಾಲ ಒಂದೇ ಇರುವ ಉದ್ದನೆಯ ಗೋಲ್ಡ್ ಫಿಶ್ ಆಗಿದ್ದರೆ ಅದು ಬೆಳೆದರೆ ಹೆಚ್ಚುಕಮ್ಮಿ ಒಂದಡಿ ಆಗುತ್ತದೆ. ಕಾರ್ಪ್ ಜಾತಿಯದು, ನಮ್ಮ ಕೆರೆಯ ಗೆಂಡೆ ಮೀನಿಗೆ ದೂರದ ನೆಂಟ. ಗುಂಡು ಹೊಟ್ಟೆ, ಜೋಡಿ ಬಾಲದ ಒರಾಂಡಾದಂಥವು ಆರೇಳು ಇಂಚು. ಗುಂಡು ಜಾತಿಯ ಒಂದು ಮೀನಿಗೆ 75 ಲೀಟರ್, ಜೊತೆಗೆ ಇನ್ನೊಂದಕ್ಕೆ 40 ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಉದ್ದ ಜಾತಿಗೆ ಇನ್ನೂ ಜಾಸ್ತಿ ಬೇಕು. ಅಂಗಳದಲ್ಲಿ ಸಿಮೆಂಟ್ ತೊಟ್ಟಿ ಇದ್ದವರು ಅಲ್ಲಿ ಸಾಕುವುದೇ ವಾಸಿ. ಹೊಸ ತೊಟ್ಟಿಯಾದರೆ ನೀರು ತುಂಬಿಸಿ ಚೆಲ್ಲಿ, ಸಿಮೆಂಟಿನ ಸುಣ್ಣ ಬಿಡುವುದು ನಿಂತ ಮೇಲೆ ಮೀನು ಬಿಡಿ.

ಲೀಟರ್ ಲೆಕ್ಕ ಸುಲಭ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60 x 30 x 30ರ ಟ್ಯಾಂಕ್ 54 ಲೀಟರ್. 90 x 45 x 45ರದ್ದು 182 ಲೀಟರ್. ನೀರೇ 182 ಕೆ.ಜಿ. ಆಯಿತು, ಗಾಜು ಬೇರೆ. ಟೀಪಾಯಿ ಮೇಲೆ, ಪ್ಲೈವುಡ್ ಶೋಕೇಸಿನಲ್ಲಿ ಇಡಬೇಡಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಬಿಸಿಲು ನೇರ ಬೀಳುವ ಕಿಟಕಿಯೂ ಬೇಡ, ಪಾಚಿ ತಡೆಯೋಕಾಗುವುದಿಲ್ಲ.

ಫೈಟರ್ ಮೀನಿನ ಕಥೆ ಗೋಲ್ಡ್ ಫಿಶ್‌ಗಿಂತ ಬೇಸರದ್ದು. ಅದಕ್ಕೆ ಕಿವಿರಿನ ಜೊತೆಗೆ ಮೇಲಿನ ಗಾಳಿ ಉಸಿರಾಡುವ ಅಂಗವೂ ಇದೆ. ಸುಲಭಕ್ಕೆ ಸಾಯುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು ಲೋಟದಲ್ಲಿ, ಹೂದಾನಿಯಲ್ಲಿ, ಕಂಪ್ಯೂಟರ್ ಪಕ್ಕದ ಪೆನ್ ಸ್ಟ್ಯಾಂಡಿನಷ್ಟು ಡಬ್ಬದಲ್ಲಿ ಇಡುತ್ತಾರೆ. ಅದರ ಮೂಲ ಥಾಯ್ಲೆಂಡಿನ ಸುತ್ತಮುತ್ತಲ ಭತ್ತದ ಗದ್ದೆ, ಜವುಗು. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಗದ್ದೆಯಲ್ಲಿ ನೀರು ಮೊಣಕಾಲಿನಷ್ಟೇ ಇದ್ದರೂ ಹರವು ಎಷ್ಟು ಅನ್ನುವುದು ಗದ್ದೆ ನೋಡಿದ ನಮಗೆ ಹೇಳಬೇಕಾಗಿಲ್ಲ. ಒಂದು ಫೈಟರ್‌ಗೆ 15ರಿಂದ 20 ಲೀಟರ್ ಕೊಡಿ. ಜೊತೆಗೆ ಮೆಲ್ಲಗೆ ಹರಿಯುವ ಫಿಲ್ಟರ್, ಅಡಗಿಕೊಳ್ಳೋಕೆ ಒಂದಿಷ್ಟು ನಿಜವಾದ ಗಿಡ. ಎರಡು ಗಂಡು ಫೈಟರ್ ಒಟ್ಟಿಗೆ ಬೇಡ. ಕನ್ನಡಿ ತೋರಿಸಿ ಕೆರಳಿಸಿ ಮಕ್ಕಳಿಗೆ ಮಜಾ ಮಾಡಿಸುವುದೂ ಬೇಡ.

ನೀರು: ನಲ್ಲಿಯದೋ, ಬಾವಿಯದೋ, ಬೋರಿನದೋ

ಮೀನು ಸಾಕುವವರು ನೀರು ಸಾಕಲು ಕಲಿಯಬೇಕು. ಉಳಿದದ್ದು ಆಮೇಲೆ.

ಊರೊಳಗಿನವರಿಗೆ ಬರುವುದು ತುಂಗೆಯ ನೀರು, ಕ್ಲೋರಿನ್ ಹಾಕಿದ್ದು. ಬಾಯಿ ಅಗಲದ ಬಕೆಟ್ಟಿನಲ್ಲಿ ಹಿಡಿದು ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರ ಇದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೇಳಿ. ಅದು ಸೋಡಿಯಂ ಥಯೋಸಲ್ಫೇಟ್, ಹರಳು ಅಥವಾ ಹನಿ ರೂಪದಲ್ಲಿ ಸಿಗುತ್ತದೆ. ಬಾಟಲಿ ಮೇಲಿನ ಅಳತೆ ಹಾಕಿದರೆ ಕೆಲವೇ ನಿಮಿಷದ ಕೆಲಸ. ಮಳೆಗಾಲದಲ್ಲಿ ಹೊಳೆ ರಾಡಿಯಾದಾಗ ನಮ್ಮ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಆಗ ನಾನು ಎರಡನ್ನೂ ಮಾಡುತ್ತೇನೆ: ರಾತ್ರಿ ಹಿಡಿದಿಟ್ಟು ಬೆಳಿಗ್ಗೆ ಹನಿಯನ್ನೂ ಹಾಕುತ್ತೇನೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಬಾವಿ ಇದ್ದವರಿಗೆ ಕ್ಲೋರಿನ್ ತಲೆನೋವಿಲ್ಲ. ಆದರೆ ಜಂಬಿಟ್ಟಿಗೆ ನೆಲದ ಬಾವಿ ನೀರು ತೀರಾ ಮೆದು, ಸ್ವಲ್ಪ ಹುಳಿ. ಟ್ಯಾಂಕಿನಲ್ಲಿ ದಿನ ಕಳೆದಂತೆ ಇನ್ನೂ ಹುಳಿಯಾಗುತ್ತದೆ. ಗೋಲ್ಡ್ ಫಿಶ್‌ಗೆ ಅದು ಒಗ್ಗುವುದಿಲ್ಲ. ಒಂದು ಹಿಡಿ ಕಪ್ಪೆಚಿಪ್ಪನ್ನು ಚೆನ್ನಾಗಿ ಕುದಿಸಿ, ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಟ್ಟರೆ ಸಾಕು, ನಿಧಾನಕ್ಕೆ ಸುಣ್ಣದ ಅಂಶ ಬಿಡುತ್ತದೆ. ಬೋರ್ ನೀರು ಸಾಮಾನ್ಯವಾಗಿ ಗಡಸು, ಆಮ್ಲಜನಕ ಕಮ್ಮಿ. ಒಂದು ರಾತ್ರಿ ಏರ್ ಪಂಪ್ ಬಿಟ್ಟು ಆಮೇಲೆ ಬಳಸಿ. ಶುದ್ಧ ನೀರು ಅಂತ ಆರ್.ಓ. ಕ್ಯಾನಿನ ನೀರು ತುಂಬಿಸುವವರೂ ಇದ್ದಾರೆ. ಅದರಲ್ಲಿ ಮೀನಿಗೆ ಬೇಕಾದ ಲವಣಗಳೇ ಇರುವುದಿಲ್ಲ.

ಫಿಲ್ಟರ್ ಮತ್ತು ಆರು ವಾರದ ತಾಳ್ಮೆ

ಅಂಗಡಿಯಲ್ಲಿ ಬಣ್ಣದ ಲೈಟು, ಬಾಯಿ ತೆರೆದು ಮುಚ್ಚುವ ಮೊಸಳೆ, ಗುಳ್ಳೆ ಬಿಡುವ ಬುದ್ಧ ಎಲ್ಲ ತೋರಿಸುತ್ತಾರೆ. ಅದರ ಬದಲು ಒಂದು ಸ್ಪಾಂಜ್ ಫಿಲ್ಟರ್, ಒಂದು ಏರ್ ಪಂಪ್ ತನ್ನಿ. ಗೋಲ್ಡ್ ಫಿಶ್ ಗಲೀಜು ಜಾಸ್ತಿ ಮಾಡುವುದರಿಂದ ದೊಡ್ಡ ಟ್ಯಾಂಕಿಗೆ ಎರಡು ಸ್ಪಾಂಜ್, ಇಲ್ಲವೇ ಟಾಪ್ ಫಿಲ್ಟರ್ ಬೇಕು.

ಸ್ಪಾಂಜು ಕಸ ಹಿಡಿಯುವುದು ಸಣ್ಣ ಕೆಲಸ. ಅದರ ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ, ಅವುಗಳದ್ದೇ ದೊಡ್ಡ ಕೆಲಸ. ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ವಾರಕ್ಕೊಮ್ಮೆ ನೀರು ತೆಗೆದರೆ ಹೋಯಿತು. ಈ ಬ್ಯಾಕ್ಟೀರಿಯಾ ಹೆಪ್ಪು ಹಾಕಿದ ಹಾಲಿನ ಹಾಗೆ, ರಾತ್ರೋರಾತ್ರಿ ಮಾತ್ರ ಆಗುವುದಿಲ್ಲ. ನಾಲ್ಕರಿಂದ ಆರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ನಿಧಾನ. ಹೆಪ್ಪು ಅಂದೆನಲ್ಲ, ಅದು ನಿಜಕ್ಕೂ ಸಿಗುತ್ತದೆ. ಪರಿಚಯದವರ ಮನೆಯಲ್ಲಿ ಹಳೆಯ, ಆರೋಗ್ಯವಾದ ಟ್ಯಾಂಕ್ ಇದ್ದರೆ ಅವರ ಗಲೀಜು ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ. ಒಣಗದ ಹಾಗೆ ಅದೇ ನೀರಿನಲ್ಲಿ ತಂದು ನಿಮ್ಮ ಫಿಲ್ಟರ್ ಪಕ್ಕ ಇಡಿ. ಕಾಯುವುದರಲ್ಲಿ ಎಷ್ಟೋ ದಿನ ಉಳಿಯುತ್ತದೆ.

ಮೀನು ಈಗಾಗಲೇ ಇದೆ, ಆರು ವಾರ ಕಾಯೋದು ಹೇಗೆ? ಕಾಯುವ ಅಷ್ಟೂ ದಿನ ಬ್ಯಾಕ್ಟೀರಿಯಾದ ಕೆಲಸ ನೀವು ಮಾಡಬೇಕು. ಮೊದಲ ಎರಡು ಮೂರು ವಾರ ದಿನಾ ಮೂರರಲ್ಲೊಂದು ಭಾಗ ನೀರು ತೆಗೆದು ಹೊಸದು ಹಾಕಿ. ಅಮೋನಿಯಾ ಟೆಸ್ಟ್ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಸಣ್ಣ ಗಾಜಿನ ಕೊಳವೆಗೆ ಟ್ಯಾಂಕಿನ ನೀರು ತುಂಬಿಸಿ, ಹನಿ ಹಾಕಿ, ಅಲುಗಾಡಿಸಿ, ಬಣ್ಣ ಹೋಲಿಸಿ ನೋಡುವುದು. ಹಳದಿ ಇದ್ದರೆ ನೆಮ್ಮದಿ. ಹಸಿರು ಏರಿದಷ್ಟೂ ಅಪಾಯ, ಅವತ್ತೇ ಅರ್ಧ ನೀರು ಬದಲಿಸಿ. ನಾನು ಮೊದಲ ಸಲ ಟೆಸ್ಟ್ ಮಾಡಿದ್ದು ನಮ್ಮ ಹಳೇ ಬೌಲಿನ ನೀರನ್ನು. ಕಣ್ಣಿಗೆ ಗಾಜಿನಂತೆ ತಿಳಿಯಾಗಿದ್ದ ನೀರು ಕೊಳವೆಯಲ್ಲಿ ಕಡು ಹಸಿರಾಯಿತು, ವೀಳ್ಯದೆಲೆ ಬಣ್ಣ. ತಿಳಿನೀರು ಅಂದರೆ ಒಳ್ಳೆ ನೀರು ಅನ್ನುವ ನಂಬಿಕೆ ಅವತ್ತು ಹೋಯಿತು.

ಫಿಲ್ಟರ್ ನೆಲೆಗೊಂಡ ಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಪೈಪಿನಲ್ಲಿ ತಳದ ಹಿಕ್ಕೆ ಎಳೆದು ತೆಗೆಯಿರಿ. ಆ ನೀರು ಚೆಲ್ಲಬೇಡಿ, ಡೇರೆ ಗಿಡಕ್ಕೆ ಹಾಕಿ. ಅತ್ತೆ ಮೀನಿನ ಪರವಾದದ್ದೇ ಆ ವರ್ಷ ಡೇರೆ ಹೂ ಬಿಟ್ಟ ಮೇಲೆ. ಸ್ಪಾಂಜನ್ನು ಯಾವತ್ತೂ ನಲ್ಲಿ ಕೆಳಗೆ ತೊಳೆಯಬೇಡಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ನಾಲ್ಕು ಸಲ ಹಿಂಡಿ ವಾಪಸ್ ಇಡಿ. "ಪೂರ್ತಿ ಕ್ಲೀನ್" ಮಾಡಿದ ಮರುದಿನವೇ ಮೀನು ಸಾಯೋದು ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ?

ಊಟ

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಅಥವಾ ಎರಡು ಸಲ. ಗೋಲ್ಡ್ ಫಿಶ್‌ಗೆ ಹೊಟ್ಟೆ ಅನ್ನುವ ಚೀಲವೇ ಇಲ್ಲ, ಬಾಯಿಯಿಂದ ಕರುಳಿಗೆ. ಎಷ್ಟು ಹಾಕಿದರೂ ಇನ್ನೂ ಬೇಕು ಅನ್ನುತ್ತದೆ. ಅನ್ನದ ಅಗುಳು, ಚಪಾತಿ ಚೂರು, ಬಿಸ್ಕತ್ತು ಬೇಡ. ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ವಾರಕ್ಕೊಮ್ಮೆ ಒಳ್ಳೆಯದು. ಊಟ ಹಾಕುವ ಜವಾಬ್ದಾರಿ ಮನೆಯಲ್ಲಿ ಒಬ್ಬರದ್ದೇ ಇರಲಿ. ಮಗ ಹಾಕಿ, ಅಜ್ಜ ಹಾಕಿ, ಪಾಪ ಅಂತ ಕೆಲಸದವರೂ ಹಾಕಿ ನೀರು ಕೊಳೆತ ಮನೆಗಳಿವೆ. ನಾಲ್ಕೈದು ದಿನ ಊರಿಗೆ ಹೋಗುವುದಿದ್ದರೆ ಹಾಗೇ ಬಿಟ್ಟು ಹೋಗಿ. ದೊಡ್ಡ ಮೀನು ತಡೆದುಕೊಳ್ಳುತ್ತದೆ.

ಮಲೆನಾಡಿನ ಮಳೆ, ಚಳಿ, ಕರೆಂಟು

ಹೊರಗಿನವರು ಬರೆದ ಅಕ್ವೇರಿಯಂ ಸಲಹೆಗಳಲ್ಲಿ ಇದು ಇರುವುದಿಲ್ಲ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ದಿನವಾದರೂ ಬಾರದ ಊರುಗಳು ನಮ್ಮವು. ಪಂಪ್ ನಿಂತರೆ ಗಾಳಿ ನಿಲ್ಲುತ್ತದೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದನ್ನು ಮೊದಲೇ ತಂದಿಡಿ. ಇಲ್ಲವೇ ಚೊಂಬಿನಲ್ಲಿ ಟ್ಯಾಂಕಿನ ನೀರೆತ್ತಿ ಒಂದಡಿ ಮೇಲಿನಿಂದ ಹೊಯ್ಯಿರಿ, ಗಂಟೆಗೊಮ್ಮೆ ಐದು ನಿಮಿಷ. ಸ್ಟೀಲ್ ಚೊಂಬು, ತಾಮ್ರದ್ದಲ್ಲ! ಕರೆಂಟು ಬರುವವರೆಗೆ ಊಟ ಬಂದ್. ಇನ್ನೊಂದು, ಏರ್ ಪಂಪ್ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಕರೆಂಟು ಹೋದ ಕ್ಷಣ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಮೋಟರಿಗೆ, ಅಲ್ಲಿಂದ ನೆಲಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಒಂದು ಕಾರ್ಪೆಟ್ ಹೀಗೇ ಹೋಯಿತು.

ಅಡಿಕೆ ತೋಟದವರು ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುತ್ತೀರಲ್ಲ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು, ಪೈಪು ಯಾವುದೂ ಮೀನಿನ ಹತ್ತಿರ ಸುಳಿಯಬಾರದು. ಹೊಡೆಯುವ ದಿನ ಅಂಗಳದ ತೊಟ್ಟಿಗೆ ತಾಡಪಾಲು ಮುಚ್ಚಿ. ಹೊಡೆದು ಬಂದವರು ಕೈ ತೊಳೆಯದೆ ಮೀನಿಗೆ ಕಾಳು ಹಾಕುವುದೂ ಬೇಡ.

ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ ಎಲ್ಲದರಲ್ಲೂ ಇರುವ ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಮನುಷ್ಯರಿಗೆ ಅಷ್ಟೇನೂ ಮಾಡವು, ಮೀನಿಗೆ ಮಾತ್ರ ಕಡು ವಿಷ. ಏರ್ ಪಂಪು ರೂಮಿನ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ ಅನ್ನುವುದನ್ನು ನಾವು ಯೋಚಿಸುವುದೇ ಇಲ್ಲ. ಮೀನಿರುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿ ಮಲಗಿ. ಸಾಂಬ್ರಾಣಿ ಹೊಗೆ ಹಾಕುವ ಹೊತ್ತಿಗೂ ಪಂಪ್ ಸ್ವಲ್ಪ ನಿಲ್ಲಿಸಿ.

ಡಿಸೆಂಬರ್, ಜನವರಿಯ ಚಳಿ ಗೋಲ್ಡ್ ಫಿಶ್‌ಗೆ ಲೆಕ್ಕಕ್ಕಿಲ್ಲ, ಅದು ತಣ್ಣೀರಿನ ಮೀನು. ಫೈಟರ್, ಗಪ್ಪಿ, ಏಂಜಲ್‌ಗಳಿಗೆ 24ರಿಂದ 28 ಡಿಗ್ರಿ ಬೇಕು, ಅವಕ್ಕೆ ಹೀಟರ್ ಹಾಕಿ. ಚಳಿ ಹಿಡಿದ ಮೀನಿಗೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಏಳುತ್ತದೆ. ಕಂಡ ದಿನವೇ ನೀರು ಬದಲಿಸಿ, 10 ಲೀಟರಿಗೆ ಎರಡು ಟೀ ಚಮಚದಷ್ಟು ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನಕ್ಕೆ ಸೇರಿಸಿ. ಆಮೇಲೆ ನೀರು ಬದಲಿಸಿದಾಗ ಹೊಸ ನೀರಿಗೆ ಬೇಕಾದಷ್ಟೇ ಉಪ್ಪು ಹಾಕಿ, ಪೂರ್ತಿ ಟ್ಯಾಂಕಿನ ಲೆಕ್ಕಕ್ಕಲ್ಲ. ಉಪ್ಪಿಗೆ ಬಗ್ಗದಿದ್ದರೆ ಕೈಗೆ ಸಿಕ್ಕ ನೀಲಿ, ಹಳದಿ ಔಷಧಿ ಸುರಿಯುವ ಬದಲು ಪಶುವೈದ್ಯರನ್ನು ಕೇಳಿ. ನಮ್ಮೂರಲ್ಲೇ ವೆಟರ್ನರಿ ಕಾಲೇಜಿದೆ.

ಅಂಗಡಿಯಲ್ಲಿ ಏನು ತರಬಾರದು

ಮೈಯೊಳಗೆ ಗುಲಾಬಿ, ಹಸಿರು ಗೆರೆ ಹೊಳೆಯುವ ಪಾರದರ್ಶಕ ಪುಟ್ಟ ಮೀನು ನೋಡಿದ್ದೀರಾ? ಅದು ಗ್ಲಾಸ್ ಫಿಶ್, ನಮ್ಮ ದೇಶದ ಕೆರೆ, ಗದ್ದೆಗಳದ್ದೇ. ಆ ಬಣ್ಣ ಹುಟ್ಟಿನದಲ್ಲ, ಸೂಜಿಯಿಂದ ಚುಚ್ಚಿ ತುಂಬಿಸಿದ್ದು. ಕೆಲವು ತಿಂಗಳಲ್ಲಿ ಬಣ್ಣ ಮಾಸುತ್ತದೆ, ಅಷ್ಟು ದಿನ ಅದು ಬದುಕಿದ್ದರೆ. ಪ್ಯಾರಟ್ ಮೀನಿನ ಮೈಮೇಲೆ ಹಚ್ಚೆ ಹಾಕಿ ಮಾರುವುದೂ ಇದೆ. ಕೊಳ್ಳುವವರು ಇರುವವರೆಗೆ ಚುಚ್ಚುವವರು ಇರುತ್ತಾರೆ.

"ಶಾರ್ಕ್" ಅಂತ ಕೊಡುವ ಬೆಳ್ಳಿ ಬಣ್ಣದ ಮರಿ ನಿಜಕ್ಕೂ ಪಂಗಾಸ್, ಹೋಟೆಲಿನಲ್ಲಿ ಬಾಸಾ ಅಂತ ಬಡಿಸುವ ಜಾತಿ. ಮೂರಡಿ ಬೆಳೆಯುತ್ತದೆ. ಗಾಜು ಕ್ಲೀನ್ ಮಾಡುತ್ತದೆ ಅಂತ ಕೊಡುವ ಸಕ್ಕರ್ ಒಂದೂವರೆ ಅಡಿ ಆಗುತ್ತದೆ, ಕ್ಲೀನ್ ಮಾಡುವುದಕ್ಕಿಂತ ಹಿಕ್ಕೆ ಹಾಕುವುದೇ ಜಾಸ್ತಿ. ವಾಸ್ತು ಅಂತ ಶೋರೂಮಿನಲ್ಲಿ ಇಡುವ ಅರೋವಾನಾ ಎರಡು ಮೂರು ಅಡಿಯ ಮೀನು. ಮೂರಡಿ ಟ್ಯಾಂಕಿನಲ್ಲಿ ಅದಕ್ಕೆ ತಿರುಗೋಕೂ ಮೈ ಮಡಚಬೇಕು. ದುಡ್ಡು ಬರಲಿ ಅಂತ ಒಂದು ಜೀವವನ್ನು ಹಾಗೆ ಮಡಚಿಡುವ ವಾಸ್ತು ಯಾವುದೋ ನನಗಂತೂ ಅರ್ಥವಾಗಿಲ್ಲ.

ಬೇರೆಯವರ ಬೌಲ್ ಕಂಡರೆ

ಕ್ಲಿನಿಕ್ಕಿನ ಕೌಂಟರ್, ಹೋಮ್‌ಸ್ಟೇ ಹಾಲ್, ಮೊಬೈಲ್ ಅಂಗಡಿ ಎಲ್ಲ ಕಡೆ ಬೌಲ್ ಇದ್ದೇ ಇರುತ್ತದೆ. ಬೈಯುತ್ತಾ ಶುರು ಮಾಡಿದರೆ ಕೆಲಸ ಕೆಟ್ಟಿತು. ಕೊಪ್ಪದ ಹತ್ತಿರ ಒಂದು ಹೋಮ್‌ಸ್ಟೇಯಲ್ಲಿ ಊಟದ ಮೇಜಿನ ಮೇಲೆ ಫೈಟರ್ ಇತ್ತು, ಹೂದಾನಿಯಲ್ಲಿ. ಯಜಮಾನರಿಗೆ ಮೆಲ್ಲಗೆ ಹೇಳಿದೆ: "ಮಾರಾಯ್ರೆ, ಮೀನು ಎಷ್ಟು ದಿನಕ್ಕೊಮ್ಮೆ ತರ್ತೀರಿ?" ಅವರು ನಕ್ಕು, "ಹದಿನೈದು ದಿನಕ್ಕೊಂದು ಹೋಗ್ತದೆ ನೋಡಿ, ಯಾಕೇಂತ ಗೊತ್ತಿಲ್ಲ" ಅಂದರು. ಯಾಕೆ ಅಂತ ಹೇಳಲು ಅದೇ ದಾರಿ ಆಯಿತು. ಈಗ ಅವರ ಅಂಗಳದಲ್ಲಿ ತಾವರೆ ಬಿಟ್ಟ ಕಲ್ಲಿನ ಮರಿಗೆಯಲ್ಲಿ ಗಪ್ಪಿಗಳಿವೆ. ಸೊಳ್ಳೆ ಮರಿಗಳನ್ನೂ ತಿನ್ನುತ್ತವೆ, ಅತಿಥಿಗಳು ಫೋಟೋನೂ ತೆಗೆಯುತ್ತಾರೆ.

ಕಾನೂನು ಕೇಳುವವರು ಸಿಕ್ಕರೆ ಇದೂ ಗೊತ್ತಿರಲಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಯಾವ ಜೀವಿಯಾದರೂ ಪ್ರಾಣಿಯೇ, ಮೀನೂ ಸೇರಿ. ಮೈ ಅಲ್ಲಾಡಿಸಲು ಸಾಕಷ್ಟು ಜಾಗವಿಲ್ಲದ ಪಂಜರ ಅಥವಾ ಪಾತ್ರೆಯಲ್ಲಿ ಪ್ರಾಣಿಯನ್ನಿಡುವುದು ಅದರ 11ನೇ ಕಲಮಿನಲ್ಲಿ ತಪ್ಪು. ಇಟಲಿಯ ಮೊಂಜಾ 2004ರಲ್ಲಿ, ರೋಮ್ 2005ರಲ್ಲಿ ಗುಂಡು ಬೌಲನ್ನೇ ನಿಷೇಧಿಸಿದವು.

ಸಾಕೋಕೆ ಆಗಲ್ಲ ಅನ್ನಿಸಿದರೆ

ಅನ್ನಿಸಬಹುದು, ಅದರಲ್ಲಿ ನಾಚಿಕೆ ಇಲ್ಲ. ಆದರೆ ಪುಣ್ಯ ಬರುತ್ತದೆ ಅಂತ ತುಂಗೆಗೆ ಬಿಡಬೇಡಿ, ಊರ ಕೆರೆಗೂ ಬೇಡ, ಬಾವಿಗೂ ಬೇಡ. ಶೃಂಗೇರಿಯ ಸೋಪಾನದಲ್ಲಿ ಮಂಡಕ್ಕಿ ಹಾಕಿ ಕೈಮುಗಿಯುವ ಮೀನುಗಳು ಆ ಹೊಳೆಯಲ್ಲೇ ಹುಟ್ಟಿದವು. ಅಂಗಡಿ ಮೀನು ಹೊರಗಿನದು. ಒಂದೋ ಅದು ಸಾಯುತ್ತದೆ, ಇಲ್ಲವೇ ಬದುಕಿ ಅಲ್ಲಿನವಕ್ಕೆ ರೋಗ ಹಚ್ಚುತ್ತದೆ, ಮೊಟ್ಟೆ ತಿನ್ನುತ್ತದೆ. ಹೀಗೆ ಬಿಟ್ಟ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿದೆ, ಮೀನುಗಾರರು ಶಾಪ ಹಾಕುತ್ತಿದ್ದಾರೆ.

ಬದಲಿಗೆ ದೊಡ್ಡ ಟ್ಯಾಂಕ್ ಅಥವಾ ತೊಟ್ಟಿ ಇರುವವರನ್ನು ಹುಡುಕಿ. ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಮೀನಿನ ಫೋಟೋ, ಉದ್ದ, ಏನು ತಿನ್ನುತ್ತದೆ ಎಲ್ಲ ಬರೆದು ಹಾಕಿ. ಫಿಲ್ಟರನ್ನೂ ಜೊತೆಗೇ ಕೊಡುತ್ತೇನೆ ಅನ್ನಿ, ಬೇಗ ಗಿರಾಕಿ ಸಿಗುತ್ತಾರೆ. ಬೌಲ್ ಮಾತ್ರ ಕೊಡಬೇಡಿ. ಅದರಲ್ಲಿ ಮನಿ ಪ್ಲಾಂಟ್ ಹಾಕಿ.

ಎಲ್ಲ ಮಾಡಿಯೂ ಕೆಲವು ಮೀನು ಉಳಿಯುವುದಿಲ್ಲ, ಬೌಲಿನಲ್ಲಿದ್ದಾಗಲೇ ಕಿವಿರು ಹಾಳಾಗಿರುತ್ತದೆ. ಸತ್ತ ಮೀನನ್ನು ತಕ್ಷಣ ತೆಗೆಯಿರಿ, ಕಕ್ಕಸಿಗೆ ಹಾಕಬೇಡಿ. ಅವತ್ತೇ ಹೋಗಿ ಇನ್ನೊಂದು ತರಬೇಡಿ, ನೀರು ಟೆಸ್ಟ್ ಮಾಡಿ ಕಾರಣ ನೋಡಿ. ಡೇರೆ ಬುಡದಲ್ಲಿ ಹೂಳುವುದಾದರೆ ಒಂದಡಿ ಆಳವಾದರೂ ತೋಡಿ, ಮೇಲೊಂದು ಕಲ್ಲು ಇಡಿ. ಇಲ್ಲದಿದ್ದರೆ ರಾತ್ರಿ ಬೆಕ್ಕು ಕೆದಕುತ್ತದೆ.